‘ಚೆನ್ನಾಗಿದೆ’ ಎಂದರೆ ಸಾಕೆ?

ಚಿತ್ರ ಬರೆಯುವ ಹವ್ಯಾಸಿಗಳು ಒಂದೆಡೆ ಕಲೆತು, ಬರೆದದ್ದನ್ನು ಒಬ್ಬರಿಗೊಬ್ಬರು ತೋರಿಸಿಕೊಳ್ಳುವ ರೂಢಿ ಈಚೆಗೆ ನಮ್ಮ ನಗರಗಳಲ್ಲಿಯೂ ಬೇರೂರಿದೆ. ಬೆಂಗಳೂರಿನಲ್ಲಿ ಇಂತಹ ಗುಂಪುಗಳಿವೆ. ಉದ್ಯಾನದ ಕಲ್ಲುಬೆಂಚಿನ ಮೇಲೋ ಹಳೆಯ ಮಾರುಕಟ್ಟೆಯ ಜಗಲಿಯ ಮೇಲೋ ಕುಳಿತು ಬರೆಯುವ ಇವರಲ್ಲಿ ಅನೇಕರು ಚಿತ್ರಕಲೆಯನ್ನು ಕ್ರಮವಾಗಿ ಕಲಿತವರಲ್ಲ. ಹೈಸ್ಕೂಲು ಮುಗಿದೊಡನೆ ಕೆಳಗಿಟ್ಟ ಪೆನ್ಸಿಲನ್ನು ನಿವೃತ್ತಿಯ ಅನಂತರ ಮತ್ತೆ ಕೈಗೆತ್ತಿಕೊಂಡವರೂ ಉಂಟು.

ಇಂತಹ ಕೂಟಗಳಿಗೆ ಜಗತ್ತಿನ ಹಲವೆಡೆ ಹಾದಿ ಹಾಕಿಕೊಟ್ಟದ್ದು ‘ಅರ್ಬನ್ ಸ್ಕೆಚರ್ಸ್’ ಎಂಬ ಬಳಗ. ಅಮೆರಿಕದ ಸಿಯಾಟಲ್ ನಗರದ ಪತ್ರಕರ್ತ ಗೇಬ್ರಿಯೆಲ್ ಕಂಪನಾರಿಯೊ ಅದನ್ನು 2007ರಲ್ಲಿ ಆರಂಭಿಸಿದರು. ಸ್ಥಳದಲ್ಲಿಯೇ ಕುಳಿತು ಕಣ್ಣಾರೆ ಕಂಡದ್ದನ್ನು ಬರೆಯಬೇಕು, ಕೂಡಿ ಬರೆಯುತ್ತ ಒಬ್ಬರಿಗೊಬ್ಬರು ಒತ್ತಾಸೆಯಾಗಬೇಕು ಎಂಬುವು ಅವರ ನಿಯಮಗಳಲ್ಲಿ ಸೇರಿವೆ. ಬರೆದು ಮುಗಿದ ಮೇಲೆ ಎಲ್ಲರ ಪುಸ್ತಕಗಳನ್ನೂ ನೆಲದ ಮೇಲೆ ಬಿಡಿಸಿಟ್ಟು ಸುತ್ತಲೂ ನಿಂತು ನೋಡುವುದು ವಾಡಿಕೆ. ಬಹುಮಾನವಿಲ್ಲ, ಮೊದಲನೆಯವರು ಕೊನೆಯವರು ಎಂಬ ಎಣಿಕೆಯಿಲ್ಲ. ಬದುಕಿನ ಬಹುಭಾಗವನ್ನು ಅಂಕ ಹಾಕುವುದರಲ್ಲಿ ಸವೆಸಿದ ನನ್ನಂತಹವನಿಗೆ ಇದೊಂದು ದೊಡ್ಡ ಬಿಡುಗಡೆಯಾಗಿ ಕಾಣುತ್ತದೆ.

ನನ್ನ ತಕರಾರು ಇರುವುದು ಬೇರೆ ಕಡೆ. ಬಿಡಿಸಿಟ್ಟ ಪುಸ್ತಕಗಳ ಮುಂದೆ ನಿಂತವರು ‘ಸೂಪರ್’, ‘ಬಹಳ ಚೆನ್ನಾಗಿದೆ’ ಎಂದು ಹೇಳುತ್ತ ಮುಂದಿನದಕ್ಕೆ ಸಾಗಿಬಿಡುತ್ತಾರೆ. ಎಲ್ಲ ಚಿತ್ರಕ್ಕೂ ಸಮನಾಗಿ ಹಂಚುವ ಈ ಮಾತು ಮದುವೆ ಮನೆಯ ಬಾಗಿಲಲ್ಲಿ ಎರಚುವ ಪನ್ನೀರಿನಂತೆ. ಬಂದವರಿಗೆಲ್ಲ ಒಂದೊಂದು ಹನಿ. ಬರೆದವನಿಗೆ ಬೇಕಾದದ್ದು ಹೊಗಳಿಕೆಗಿಂತ ಹೆಚ್ಚಾಗಿ, ತನ್ನ ಚಿತ್ರವನ್ನು ಮತ್ತೊಬ್ಬರು ನಿಜವಾಗಿ ನೋಡಿದರೆಂಬ ಭರವಸೆ. ‘ಹೂ ಮಾರುವ ಹೆಂಗಸಿನ ಕೂತ ಭಂಗಿ ನಾಲ್ಕೇ ಗೆರೆಯಲ್ಲಿ ಬಂದಿದೆ; ಆದರೆ ಬುಟ್ಟಿ ಗಾಳಿಯಲ್ಲಿ ತೇಲುವಂತಿದೆ, ಅದರ ಕೆಳಗೆ ನೆರಳು ಬೇಕಿತ್ತು’ ಎಂದರೆ ಆತ ಮುಂದಿನ ವಾರ ಖಂಡಿತವಾಗಿ ಬರುತ್ತಾನೆ.

ಹೊಸಬರ ಮನಸ್ಸು ಮೆದು, ತಪ್ಪು ಹೇಳಿದರೆ ಬಿಟ್ಟೇಬಿಡುತ್ತಾರೆ ಎಂದು ಕೆಲವರು ವಾದಿಸಬಹುದು. ತರಗತಿಯಲ್ಲಿ ನಾನು ಕಂಡದ್ದು ಅದಲ್ಲ. ನೋಟ್‌ಬುಕ್ಕಿನ ಹಿಂಬದಿಯಲ್ಲಿ ಮೇಷ್ಟರ ಮುಖ ಬರೆಯುವ ಹುಡುಗನಿಗೆ ಪಕ್ಕದವನು ‘ಮೂಗು ಇನ್ನೂ ಉದ್ದ ಕಣೋ’ ಎನ್ನುತ್ತಿದ್ದ. ಅವನು ಬೇಸರಿಸದೆ ಅಳಿಸಿ ತಿದ್ದುತ್ತಿದ್ದ. (ಮೂಗು ನನ್ನದೇ, ತಿದ್ದುಪಡಿ ಸರಿಯಾಗಿಯೇ ಇತ್ತು.) ಮಕ್ಕಳನ್ನು ಕುಗ್ಗಿಸುತ್ತಿದ್ದುದು ‘ಇದರಿಂದ ಹೊಟ್ಟೆ ತುಂಬೀತೆ?’ ಎಂಬ ದೊಡ್ಡವರ ಮಾತು.

ಮೈಸೂರಿನ ಆರ್. ಕೆ. ಲಕ್ಷ್ಮಣರನ್ನೇ ನೋಡಿ. ಬಾಲ್ಯದಲ್ಲಿ ಅವರು ಬರೆದ ಒಂದು ಅರಳಿ ಎಲೆಯನ್ನು ಶಾಲೆಯ ಉಪಾಧ್ಯಾಯರೊಬ್ಬರು ಮೆಚ್ಚಿದ್ದರು. ತಾನೊಬ್ಬ ಚಿತ್ರಕಾರನಾಗಬಲ್ಲೆನೆಂಬ ಎಣಿಕೆ ಆ ಹುಡುಗನಲ್ಲಿ ಮೊಳೆತದ್ದು ಆಗ. ಮುಂದೆ ಮುಂಬಯಿಯ ಜೆ. ಜೆ. ಕಲಾಶಾಲೆ, ಸಾಕಷ್ಟು ಪ್ರತಿಭೆಯಿಲ್ಲವೆಂದು ಅವರಿಗೆ ಪ್ರವೇಶ ನಿರಾಕರಿಸಿತು. ಅವರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಓದುತ್ತಲೇ ಅಣ್ಣ ನಾರಾಯಣರ ಕಥೆಗಳಿಗೆ ಚಿತ್ರ ಬರೆದರು. ದೊಡ್ಡ ಶಾಲೆಯ ತೀರ್ಪಿಗೆ ಅವರು ಬಗ್ಗಲಿಲ್ಲ. ಅದಕ್ಕೆ ಆ ಎಲೆಯ ಪಾಲೆಷ್ಟು ಎಂದು ಅಳೆಯಲಾಗದು. ಆದರೂ ಆ ಉಪಾಧ್ಯಾಯರು ಎಲೆಯನ್ನು ಸರಿಯಾಗಿ ನೋಡಿದ್ದರೆಂಬುದನ್ನು ಮಾತ್ರ ನಾನು ಧೈರ್ಯವಾಗಿ ನಂಬುತ್ತೇನೆ.