ಕಟ್ಟಡಕ್ಕೆ ಮೊದಲು ಕಾಲುವೆ

ಬಸವೇಶ್ವರನಗರ, ಕಾಮಾಕ್ಷಿಪಾಳ್ಯ, ರಾಜಾಜಿನಗರಗಳ ರಾಜಕಾಲುವೆಗಳಲ್ಲಿ ಹರಿಯುವುದೆಲ್ಲ ಕೊನೆಗೆ ಸೇರುವುದು ವೃಷಭಾವತಿಯನ್ನು. ಮನೆಗಳ ಕೊಳಚೆಯೊಂದಿಗೆ ಸಣ್ಣ ಕಾರ್ಖಾನೆಗಳ ಲೋಹಲೇಪನದ ತೊಳೆನೀರು, ಬಣ್ಣ, ಆಮ್ಲ ಎಲ್ಲವೂ ಈ ನದಿಯ ಪಾಲಾದವು. ಬಿಡದಿಯ ಬಳಿಯ ಬೈರಮಂಗಲ ಕೆರೆಯ ಅಚ್ಚುಕಟ್ಟಿನ ರೈತರು ದಶಕಗಳಿಂದ ಈ ನೀರಿನಲ್ಲೇ ಬೆಳೆ ತೆಗೆಯುತ್ತಿದ್ದಾರೆ. ಆ ಬೆಳೆ, ಆ ಹಾಲು ಮರಳಿ ನಗರಕ್ಕೇ ಬರುತ್ತವೆ. ಕಾರ್ಖಾನೆಯನ್ನು ಮೊದಲು ಕಟ್ಟಿ, ಕಾಲುವೆಯ ಯೋಚನೆಯನ್ನು ಆಮೇಲೆ ಮಾಡಿದ ಪಶ್ಚಿಮ ಬೆಂಗಳೂರಿನ ಕಥೆ ಇದು. ಅದೇ ತಪ್ಪು ಇನ್ನೂ ದೊಡ್ಡ ಪ್ರಮಾಣದಲ್ಲಿ ಮರುಕಳಿಸಬಾರದು ಎಂಬುದು ಈ ಬರಹದ ಕಾಳಜಿ.

2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ‘ಕ್ವಿನ್ ಸಿಟಿ’ ಯೋಜನೆಗೆ ಚಾಲನೆ ನೀಡಿತು. ದೊಡ್ಡಬಳ್ಳಾಪುರ ಮತ್ತು ಡಾಬಸ್‌ಪೇಟೆಗಳ ನಡುವೆ ಸುಮಾರು 5,800 ಎಕರೆಯಲ್ಲಿ ತಲೆಯೆತ್ತಬೇಕಾದ ಈ ನಗರಿಯಲ್ಲಿ ಜೀವ ವಿಜ್ಞಾನ ಉದ್ಯಮಕ್ಕೆ ಪ್ರಧಾನ ಸ್ಥಾನವಿದೆ. ಉದ್ದೇಶ ಸ್ವಾಗತಾರ್ಹವೇ. 1978ರಲ್ಲಿ ಬೆಂಗಳೂರಿನಲ್ಲಿ ಕಿಣ್ವ ತಯಾರಿಕೆಯಿಂದ ಆರಂಭವಾದ ಬಯೋಕಾನ್ ಜಗತ್ತಿನ ಮಾರುಕಟ್ಟೆ ಮುಟ್ಟಿದೆ. 1981ರಲ್ಲಿ ಕೇಂದ್ರ, ರಾಜ್ಯಗಳೆರಡೂ ಸೇರಿ ಹುಟ್ಟುಹಾಕಿದ ಕರ್ನಾಟಕ ಆಂಟಿಬಯಾಟಿಕ್ಸ್ ಸಂಸ್ಥೆ ಪೀಣ್ಯದಲ್ಲಿ ಔಷಧ ತಯಾರಿಸುತ್ತ ಬಂದಿದೆ. ಈ ಉದ್ಯಮ ನಮಗೆ ಹೊಸದಲ್ಲ, ಬೇಡದ್ದೂ ಅಲ್ಲ. ಎಲ್ಲಿ ಕಟ್ಟುತ್ತೇವೆ, ಹೇಗೆ ಕಟ್ಟುತ್ತೇವೆ ಎಂಬುದಷ್ಟೇ ಪ್ರಶ್ನೆ.

ಮೊದಲು ಸ್ಥಳದ ವಿಚಾರ. ದೊಡ್ಡಬಳ್ಳಾಪುರ ಅರ್ಕಾವತಿ ಹರಿಯುವ ಸೀಮೆ. ಡಾಬಸ್‌ಪೇಟೆಗೆ ಅಂಟಿಕೊಂಡಿರುವ ಶಿವಗಂಗೆಯಲ್ಲಿ ಕುಮುದ್ವತಿ ಹುಟ್ಟುತ್ತಾಳೆ. ಇವರಿಬ್ಬರೂ ಸೇರುವ ತಿಪ್ಪಗೊಂಡನಹಳ್ಳಿ ಜಲಾಶಯವೇ ಒಂದು ಕಾಲದಲ್ಲಿ ಪಶ್ಚಿಮ ಬೆಂಗಳೂರಿನ ನಲ್ಲಿಗಳಿಗೆ ನೀರೂಡಿಸಿತ್ತು. ಜಲಾನಯನ ಪ್ರದೇಶದಲ್ಲಿ ಉದ್ಯಮಗಳನ್ನು ನಿರ್ಬಂಧಿಸಿ 2003ರ ನವೆಂಬರಿನಲ್ಲಿ ಸರ್ಕಾರವೇ ಆದೇಶ ಹೊರಡಿಸಿತ್ತು. ಆದರೂ ದೊಡ್ಡಬಳ್ಳಾಪುರದ ಕೈಗಾರಿಕಾ ಪ್ರದೇಶದ ತ್ಯಾಜ್ಯದಿಂದ ತಮ್ಮ ಕೆರೆಗಳು ಹಾಳಾದವೆಂದು ದೊಡ್ಡತುಮಕೂರು, ಮಜರಾಹೊಸಹಳ್ಳಿಯ ಜನ ಬೀದಿಗಿಳಿಯಬೇಕಾಯಿತು. ಕೆಳಗೆ ವೃಷಭಾವತಿ ಅರ್ಕಾವತಿಯನ್ನು ಸೇರುವಾಗ ಕೊಳಕಾಗಿಯೇ ಬರುತ್ತಾಳೆ. ಇನ್ನು ಮೇಲಿನ ಹರಿವೂ ಕೆಟ್ಟರೆ ಕಾವೇರಿಯ ಸಂಗಮ ತಲುಪುವ ನೀರಿನಲ್ಲಿ ಏನು ಉಳಿದೀತು?

ಇನ್ನು ಕಟ್ಟುವ ವಿಧಾನ. ಚುಚ್ಚುಮದ್ದು ತುಂಬುವ ಕೋಣೆಯನ್ನು ಕಟ್ಟುವಾಗ ತೋರುವ ಶಿಸ್ತು ಬೆರಗು ಹುಟ್ಟಿಸುವಂಥದು. ಅಲ್ಲಿನ ಒಂದು ಘನ ಮೀಟರ್ ಗಾಳಿಯಲ್ಲಿ ಅರ್ಧ ಮೈಕ್ರಾನ್ ಹಾಗೂ ಅದಕ್ಕಿಂತ ದೊಡ್ಡ ಕಣಗಳು 3,520ನ್ನು ಮೀರುವಂತಿಲ್ಲ. ಹೊರಗಿನ ಗಾಳಿ ಒಳನುಗ್ಗದಂತೆ ಕೋಣೆಯಿಂದ ಕೋಣೆಗೆ ಒತ್ತಡದ ವ್ಯತ್ಯಾಸ ಕಾಯ್ದುಕೊಳ್ಳಬೇಕು. ನೆಲ ಗೋಡೆಯನ್ನು ಸೇರುವ ಮೂಲೆಯೂ ಧೂಳು ನಿಲ್ಲದಂತೆ ದುಂಡಾಗಿರಬೇಕು. ಔಷಧ ತಯಾರಿಕಾ ಘಟಕಗಳ ಕಟ್ಟಡ, ಯಂತ್ರ, ವಿಧಾನಗಳನ್ನು ನಿಗದಿಪಡಿಸುವ ‘ಶೆಡ್ಯೂಲ್ ಎಂ’ ನಿಯಮಗಳನ್ನು ಕೇಂದ್ರ ಸರ್ಕಾರ 2023ರ ಡಿಸೆಂಬರಿನಲ್ಲಿ ಪರಿಷ್ಕರಿಸಿ ಇನ್ನಷ್ಟು ಬಿಗಿಗೊಳಿಸಿತು. ಔಷಧ ಶುದ್ಧವಾಗಿರಬೇಕೆಂಬ ಆಗ್ರಹ ಅತ್ಯಂತ ಸರಿಯಾದುದೇ.

ಆದರೆ ಈ ಶುಚಿತ್ವ ಕಾಂಪೌಂಡಿನ ಒಳಗಷ್ಟೇ. ಧೂಳಿನ ಕಣವನ್ನೂ ಎಣಿಸುವ ವ್ಯವಸ್ಥೆ ಗೋಡೆಯಾಚೆ ಹರಿಯುವ ನೀರಿನ ವಿಷಯಕ್ಕೆ ಬಂದಾಗ ಕಣ್ಣು ಮುಚ್ಚುತ್ತದೆ. ತ್ಯಾಜ್ಯ ನೀರಿನಲ್ಲಿ ಆಂಟಿಬಯಾಟಿಕ್ ಎಷ್ಟಿರಬಹುದು ಎಂಬುದಕ್ಕೆ ಮಿತಿ ಹೇರುವ ಕರಡು ನಿಯಮವನ್ನು ಕೇಂದ್ರ ಪರಿಸರ ಸಚಿವಾಲಯ 2020ರ ಜನವರಿಯಲ್ಲಿ ಪ್ರಕಟಿಸಿತ್ತು. 2021ರ ಆಗಸ್ಟಿನ ಅಂತಿಮ ಅಧಿಸೂಚನೆಯಲ್ಲಿ ಆ ಮಿತಿಗಳು ಮಾಯವಾಗಿದ್ದವು.

ಇದರ ಪರಿಣಾಮವೇನೆಂದು ಊಹಿಸಬೇಕಾಗಿಲ್ಲ. ಹೈದರಾಬಾದ್ ಸಮೀಪದ ಪಟಾನ್‌ಚೆರುವಿನಲ್ಲಿ ಹತ್ತಾರು ಔಷಧ ಕಾರ್ಖಾನೆಗಳ ತ್ಯಾಜ್ಯವನ್ನು ಒಂದೆಡೆ ತಂದು ಸಂಸ್ಕರಿಸುವ ಸ್ಥಾವರವಿದೆ. ಅಲ್ಲಿಂದ ಹೊರಬಿಟ್ಟ ‘ಸಂಸ್ಕರಿಸಿದ’ ನೀರನ್ನು ಸ್ವೀಡನ್ನಿನ ವಿಜ್ಞಾನಿ ಯೋಕಿಮ್ ಲಾರ್ಸನ್ ಮತ್ತು ಸಂಗಡಿಗರು ಪರೀಕ್ಷಿಸಿ 2007ರಲ್ಲಿ ವರದಿ ಮಾಡಿದರು. ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಸಿನ್ ಅದರಲ್ಲಿತ್ತು. ಈ ಔಷಧ ಸೇವಿಸುವ ರೋಗಿಯ ರಕ್ತದಲ್ಲಿ ಇರುವುದಕ್ಕಿಂತಲೂ ಇದು ಹೆಚ್ಚು. ಇಂಥ ನೀರಿನಲ್ಲಿ ಬದುಕುಳಿಯುವ ಬ್ಯಾಕ್ಟೀರಿಯಾ ಔಷಧಕ್ಕೆ ಜಗ್ಗದಿರುವುದನ್ನು ಕಲಿಯುತ್ತದೆ, ಆ ವಿದ್ಯೆಯನ್ನು ನೆರೆಯ ಬ್ಯಾಕ್ಟೀರಿಯಾಗಳಿಗೂ ದಾಟಿಸುತ್ತದೆ. ರೋಗ ವಾಸಿಮಾಡಲು ಕಟ್ಟಿದ ಕಾರ್ಖಾನೆಯೇ ವಾಸಿಯಾಗದ ರೋಗವನ್ನು ಸಾಕುವುದೆಂದರೆ ಬೇಲಿಯೇ ಎದ್ದು ಹೊಲ ಮೇಯ್ದಂತೆ.

ವಿಶ್ವ ಆರೋಗ್ಯ ಸಂಸ್ಥೆ 2024ರ ಸೆಪ್ಟೆಂಬರಿನಲ್ಲಿ ಆಂಟಿಬಯಾಟಿಕ್ ತಯಾರಿಕೆಯ ತ್ಯಾಜ್ಯದ ಬಗ್ಗೆ ಮೊದಲ ಬಾರಿಗೆ ಮಾರ್ಗಸೂಚಿ ಹೊರತಂದಿತು. ಕೇಂದ್ರದ ಕಾನೂನಿಗಾಗಿ ಕಾಯದೆ, ಭೂಮಿ ಹಂಚಿಕೆಯ ಕರಾರಿನಲ್ಲೇ ಆ ಮಿತಿಗಳನ್ನು ಸೇರಿಸುವುದು ರಾಜ್ಯದ ಕೈಯಲ್ಲಿದೆ. ಜಮೀನು ಕೊಡುವವರು ಷರತ್ತನ್ನೂ ವಿಧಿಸಬಹುದಲ್ಲವೇ?

ಇಷ್ಟೆಲ್ಲ ಕಟ್ಟುಪಾಡು ಹೇರಿದರೆ ಉದ್ಯಮಗಳು ನೆರೆರಾಜ್ಯಗಳಿಗೆ ಹೋಗುತ್ತವೆ ಎಂಬ ವಾದವಿದೆ. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಕೇಂದ್ರದ ಮೂರು ಬೃಹತ್ ಔಷಧ ಕಚ್ಚಾವಸ್ತು ಪಾರ್ಕುಗಳು 2022ರಲ್ಲಿ ಗುಜರಾತ್, ಹಿಮಾಚಲ ಪ್ರದೇಶ, ಆಂಧ್ರಗಳ ಪಾಲಾದವು. ಪರಿಷ್ಕೃತ ನಿಯಮಕ್ಕೆ ತಕ್ಕಂತೆ ಕಟ್ಟಡ ಬದಲಿಸಲು ಹೆಣಗುತ್ತಿರುವ ಸಣ್ಣ ಘಟಕಗಳಿಗೆ ಮತ್ತೊಂದು ಹೊರೆ ಕಷ್ಟವೇ. ಆದರೆ ಇದಕ್ಕೆ ಪರಿಹಾರ ನಿಯಮ ಸಡಿಲಿಸುವುದಲ್ಲ, ವೆಚ್ಚ ಹಂಚಿಕೊಳ್ಳುವುದು. ರಸ್ತೆ, ವಿದ್ಯುತ್ತುಗಳನ್ನು ಮೂಲಸೌಕರ್ಯವೆಂದು ಸರ್ಕಾರ ಕಟ್ಟಿಕೊಡುವುದಾದರೆ ತ್ಯಾಜ್ಯ ಸಂಸ್ಕರಣೆಯನ್ನೂ ಹಾಗೆಯೇ ಪರಿಗಣಿಸಬೇಕು. ಆಮೇಲೆ ನದಿಯನ್ನು ತೊಳೆಯುವ ಖರ್ಚಿನೊಂದಿಗೆ ಹೋಲಿಸಿದರೆ ಇದು ಅಗ್ಗ. ವೃಷಭಾವತಿಯ ಪುನಶ್ಚೇತನದ ಮಾತು ಇಷ್ಟು ವರ್ಷಗಳ ನಂತರವೂ ಮುಗಿಯದಿರುವುದೇ ಇದಕ್ಕೆ ಸಾಕ್ಷಿ.

ಆಗಬೇಕಾದ ಕೆಲಸಗಳು ಸ್ಪಷ್ಟ. ಸಂಸ್ಕರಣಾ ವ್ಯವಸ್ಥೆ ಪೂರ್ಣಗೊಂಡು ಪರೀಕ್ಷೆಗೆ ಒಳಪಡುವ ತನಕ ಯಾವ ಘಟಕಕ್ಕೂ ಉತ್ಪಾದನೆಗೆ ಅನುಮತಿ ನೀಡಬಾರದು. ಆಂಟಿಬಯಾಟಿಕ್ ಹಾಗೂ ಜೀವಂತ ಸೂಕ್ಷ್ಮಾಣುಗಳಿರುವ ನೀರನ್ನು ಆಯಾ ಕಾರ್ಖಾನೆಯೊಳಗೇ ನಿಷ್ಕ್ರಿಯಗೊಳಿಸಿದ ಬಳಿಕವೇ ಸಾಮಾನ್ಯ ಕೊಳವೆಗೆ ಬಿಡಬೇಕು. ಎಲ್ಲವನ್ನೂ ಒಂದೇ ತೊಟ್ಟಿಯಲ್ಲಿ ಬೆರೆಸಿದರೆ ಮತ್ತೊಂದು ಪಟಾನ್‌ಚೆರು ಸಿದ್ಧವಾಗುತ್ತದೆ. ಯಂತ್ರ ತಂಪಾಗಿಸಲು ಕೊಳವೆಬಾವಿ ಕೊರೆಯದೆ ನಗರದ ಸಂಸ್ಕರಿಸಿದ ನೀರನ್ನೇ ಬಳಸಬೇಕು. ಕೆಳಭಾಗದ ಕೆರೆಗಳ ನೀರನ್ನು ಪ್ರತಿ ತಿಂಗಳು ಪರೀಕ್ಷಿಸಿ, ಫಲಿತಾಂಶವನ್ನು ಆಯಾ ಗ್ರಾಮ ಪಂಚಾಯಿತಿಯ ಫಲಕದಲ್ಲಿ ಕನ್ನಡದಲ್ಲೇ ಪ್ರಕಟಿಸಬೇಕು. ಕೆರೆ ಯಾರದ್ದೋ, ಲೆಕ್ಕ ಕೇಳುವ ಹಕ್ಕೂ ಅವರದ್ದೇ.

ಹೊಸ ನಗರಿಯ ನಕ್ಷೆಗಳಲ್ಲಿ ಗಾಜಿನ ಗೋಪುರಗಳು, ಹಸಿರು ಹುಲ್ಲುಹಾಸುಗಳು ಚೆಂದವಾಗಿ ಕಾಣುತ್ತವೆ. ಆ ನಕ್ಷೆಯ ಮೇಲೆ ಕಾಲುವೆಯ ಗೆರೆಯನ್ನು ಮೊದಲು ಎಳೆಯಲಿ. ನದಿಯೊಂದನ್ನು ಚರಂಡಿಯಾಗಿಸಿದ ನಗರಕ್ಕೆ ಇನ್ನೊಂದು ನದಿಯನ್ನು ಕಳೆದುಕೊಳ್ಳುವ ಹಕ್ಕಿಲ್ಲ.