ಉರಿ ಒಳಗೆ, ಉಸಿರು ಹೊರಗೆ

ಇಂಗ್ಲೆಂಡಿನಲ್ಲಿ ನೆಲೆಸಿರುವ ಮಕ್ಕಳ ಮನೆಗೆ ಹೋಗಿ ಬಂದ ಹಿರಿಯರು ಅಲ್ಲಿಯ ಬಾಯ್ಲರನ್ನು ಕೊಂಡಾಡುವುದುಂಟು. ಹೊರಗೆ ಚಳಿ ಕೊರೆಯುತ್ತಿದ್ದರೂ ಮನೆಯೊಳಗೆ ಬೆಚ್ಚಗಿರುತ್ತದೆ. ನಲ್ಲಿ ತಿರುವಿದರೆ ಬಿಸಿನೀರು ಬರುತ್ತದೆ. ಒಲೆಯಾಗಲಿ ಹೊಗೆಯಾಗಲಿ ಕಾಣದು. ಇದರ ಮರ್ಮವನ್ನು ಅರಿತರೆ ನಮ್ಮ ಬಚ್ಚಲುಮನೆಗೂ ಒಂದು ಪಾಠ ದೊರೆಯುತ್ತದೆಂದು ನಾವು ಭಾವಿಸಿದ್ದೇವೆ.

ಅಲ್ಲಿ ಬಹಳ ಮನೆಗಳಲ್ಲಿರುವುದು ‘ಕಾಂಬಿ’ ಎಂಬ ಬಗೆಯ ಬಾಯ್ಲರು. ಗೋಡೆಗೆ ತಗುಲಿಸಿದ, ಸಣ್ಣ ಕಪಾಟಿನಂಥ ಪೆಟ್ಟಿಗೆ. ಕೊಳವೆಯಲ್ಲಿ ಬರುವ ನೈಸರ್ಗಿಕ ಅನಿಲ ಅದರೊಳಗೆ ಉರಿದು ನೀರನ್ನು ಕಾಯಿಸುತ್ತದೆ. ಪಂಪು ಆ ನೀರನ್ನು ಕೋಣೆಕೋಣೆಯ ರೇಡಿಯೇಟರುಗಳಿಗೆ ನೂಕುತ್ತದೆ. ಶಾಖವನ್ನು ಕೋಣೆಗಿತ್ತು ತಣಿದ ನೀರು ಹಿಂದಿರುಗಿ ಮತ್ತೆ ಕಾಯುತ್ತದೆ. ಸ್ನಾನದ ನಲ್ಲಿ ತೆರೆದೊಡನೆ ಕವಾಟವೊಂದು ಹೊರಳಿ, ಕಾದ ನೀರನ್ನು ತೆಳುವಾದ ಲೋಹದ ತಗಡುಗಳ ಕಡೆಗೆ ತಿರುಗಿಸುತ್ತದೆ. ತಗಡಿನ ಒಂದು ಮಗ್ಗುಲಲ್ಲಿ ಆ ನೀರು, ಮತ್ತೊಂದು ಮಗ್ಗುಲಲ್ಲಿ ನಲ್ಲಿಗೆ ಹೋಗುವ ತಣ್ಣೀರು. ಶಾಖ ದಾಟುತ್ತದೆ, ನೀರು ಬೆರೆಯದು.

2005ರಿಂದ ಅಲ್ಲಿ ಹೊಸದಾಗಿ ಕೂಡಿಸುವ ಗ್ಯಾಸ್ ಬಾಯ್ಲರುಗಳು ಸಾಮಾನ್ಯವಾಗಿ ‘ಕಂಡೆನ್ಸಿಂಗ್’ ಬಗೆಯವೇ ಆಗಿರಬೇಕೆಂಬ ನಿಯಮವಿದೆ. ಹಿಂದಿರುಗುವ ನೀರು ಸುಮಾರು 55 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿದ್ದರೆ, ಉರಿದ ಅನಿಲದಲ್ಲಿರುವ ನೀರಾವಿ ಹನಿಗೂಡಿ ತನ್ನ ಶಾಖವನ್ನು ಬಿಟ್ಟುಕೊಡುತ್ತದೆ. ವ್ಯರ್ಥವಾಗುತ್ತಿದ್ದ ಬಿಸಿಯು ಹೀಗೆ ಮನೆಗೆ ಒದಗುತ್ತದೆ.

ಆದರೆ ನಮ್ಮ ಮನಸ್ಸನ್ನು ಸೆಳೆದುದು ಬೇರೆಯೇ. ಈ ಬಾಯ್ಲರು ಉರಿಯುವುದು ಮನೆಯೊಳಗೆ, ಉಸಿರಾಡುವುದು ಹೊರಗೆ. ಗೋಡೆಯಾಚೆಗೆ ಚಾಚಿದ ಕೊಳವೆಯಿಂದ ಗಾಳಿಯನ್ನೆಳೆದು, ಉರಿದ ಅನಿಲವನ್ನು ಹೊರಕ್ಕೇ ದೂಡುತ್ತದೆ. ಕೋಣೆಯ ಗಾಳಿಯನ್ನು ಮುಟ್ಟುವುದಿಲ್ಲ. ಹೀಗಿದ್ದರೂ ಅಲ್ಲಿಯವರು ಎಚ್ಚರ ತಪ್ಪುವುದಿಲ್ಲ. ‘ಗ್ಯಾಸ್ ಸೇಫ್’ ಪಟ್ಟಿಯಲ್ಲಿ ನೋಂದಾಯಿತನಾದವನೇ ಅದನ್ನು ರಿಪೇರಿ ಮಾಡಬೇಕು. ಬಾಡಿಗೆಯ ಮನೆಯಾದರೆ ವರ್ಷಕ್ಕೊಮ್ಮೆ ತಪಾಸಣೆ ಕಡ್ಡಾಯ. 2022ರ ಅಕ್ಟೋಬರಿನಿಂದ ಇಂಗ್ಲೆಂಡಿನಲ್ಲಿ, ಬಾಯ್ಲರಿರುವ ಕೋಣೆಯಲ್ಲಿ ವಿಷಾನಿಲದ ಎಚ್ಚರಿಕೆಗಂಟೆಯನ್ನೂ ಮನೆಯ ಮಾಲೀಕನೇ ಇರಿಸಬೇಕು.

ಆ ವಿಷಾನಿಲವೇ ಕಾರ್ಬನ್ ಮಾನಾಕ್ಸೈಡ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತವನ್ನು ಸೇರಿ ಆಮ್ಲಜನಕದ ಸ್ಥಾನವನ್ನೇ ಕಸಿದುಕೊಳ್ಳುತ್ತದೆ. ನಮ್ಮ ಊರುಗಳಲ್ಲಿ ಕಿಟಕಿ ಮುಚ್ಚಿದ ಕಿರಿದಾದ ಬಚ್ಚಲಿನೊಳಗೇ ಗ್ಯಾಸ್ ಗೀಸರ್ ಕೂಡಿಸುವುದುಂಟು. ಅದು ಸ್ನಾನ ಮಾಡುವವರ ಗಾಳಿಯನ್ನೇ ಉಂಡು, ಆಮ್ಲಜನಕ ಸಾಲದೆ ಅರೆಬರೆ ಉರಿದು, ಅದೇ ವಿಷವನ್ನು ಉಗುಳುತ್ತದೆ. ಸ್ನಾನಕ್ಕೆ ಹೋದವರು ಮರಳಿ ಬಾರದ ದಾರುಣ ಪ್ರಸಂಗಗಳು ನಮ್ಮ ನಾಡಿನಲ್ಲಿ ಮತ್ತೆಮತ್ತೆ ನಡೆದಿವೆ.

ಆದುದರಿಂದ ಗೃಹಸ್ಥರಲ್ಲಿ ನಮ್ಮ ಬಿನ್ನಹವಿಷ್ಟು. ಗ್ಯಾಸ್ ಗೀಸರನ್ನು ಬಚ್ಚಲಿನ ಹೊರಗೆ, ಗಾಳಿಯಾಡುವ ಬಯಲಿನಲ್ಲಿ ಕೂಡಿಸಿ, ಬಿಸಿನೀರನ್ನು ಮಾತ್ರ ಕೊಳವೆಯಿಂದ ಒಳಗೆ ತನ್ನಿರಿ. ಸ್ನಾನದ ವೇಳೆ ತಲೆನೋವು, ಓಕರಿಕೆ, ಮಂಪರು ತೋರಿದರೆ ಆ ಕ್ಷಣವೇ ಹೊರಗೆ ಬನ್ನಿರಿ. ಚಳಿಗೆ ಹೆದರಿ ಗವಾಕ್ಷಿಗೆ ಬಟ್ಟೆ ತುರುಕದಿರಿ. ಬೆಂಕಿ ನಮಗೆ ಬೇಕು; ಅದರ ಉಸಿರು ನಮ್ಮ ಉಸಿರಿನೊಡನೆ ಬೆರೆಯಬಾರದು.