ಸೂಕ್ಷ್ಮದರ್ಶಕ ಯಂತ್ರವೂ ನಮ್ಮ ಹೆಣ್ಣುಮಕ್ಕಳೂ

ನಮ್ಮ ಶಾಲೆಯ ವಿಜ್ಞಾನದ ಕೋಣೆಯಲ್ಲಿ ಒಂದು ಕನ್ನಡಿ ಕಪಾಟು ಉಂಟು. ಅದರ ಮೇಲಿನ ಹಲಗೆಯಲ್ಲಿ ಸೂಕ್ಷ್ಮದರ್ಶಕ ಯಂತ್ರವೊಂದು ಹಸುರು ಬಟ್ಟೆಯ ಮುಸುಕು ಹಾಕಿಕೊಂಡು ಕುಳಿತಿರುತ್ತಿದ್ದುದನ್ನು ಹಳೇ ವಿದ್ಯಾರ್ಥಿನಿಯರೆಲ್ಲರೂ ನೆನೆಸಿಕೊಳ್ಳಬಲ್ಲರು. ಆದರೆ ಅದರೊಳಗೆ ಕಣ್ಣಿಟ್ಟು ನೋಡಿದವರು ಎಷ್ಟು ಮಂದಿ? ಬಹು ಸ್ವಲ್ಪ ಜನ. ತಪಾಸಣೆಯ ದಿನ ಅದನ್ನು ಒರಸಿ ಮೇಜಿನ ಮೇಲಿಡುವದು, ಮರುದಿನ ಕಪಾಟಿಗೆ ಸೇರಿಸಿ ಬೀಗ ಹಾಕುವದು. ಇಷ್ಟೇ ಅದರ ಉಪಯೋಗವಾಗಿತ್ತು. ಬೀಗದ ಕೈ ನಮ್ಮ ಹತ್ತಿರವೇ ಇದ್ದುದರಿಂದ ಈ ತಪ್ಪು ಮತ್ತಾರದೂ ಅಲ್ಲ, ನಮ್ಮದೇ.

ಕೆಲವು ವರ್ಷಗಳ ಹಿಂದೆ ಆಷಾಢದ ಒಂದು ಮುಂಜಾನೆ, ಸಿದ್ದಾಪುರದ ಕಡೆಯ ತೋಟಿಗರ ಮನೆಯ ಹುಡುಗಿಯೊಬ್ಬಳು ಉದುರಿದ ಎಳೇ ಅಡಿಕೆಯೊಂದನ್ನು ಬಾಳೆಯೆಲೆಯಲ್ಲಿ ಸುತ್ತಿಕೊಂಡು ಬಂದಳು. “ಅಕ್ಕೋರೇ, ಇದರ ಮೇಲಿನ ಬಿಳೇ ಬೂಷ್ಟು ಎಲ್ಲಿಂದ ಬಂತು? ಆ ಯಂತ್ರದಲ್ಲಿ ನೋಡಬಹುದೇ?” ಎಂದು ಕೇಳಿದಳು. “ಅದು ಈ ವರ್ಷದ ಪಾಠದಲ್ಲಿಲ್ಲ, ಹೊರಗೆ ಎಸೆದು ಕೈ ತೊಳೆದುಕೊಂಡು ಬಾ” ಎಂದೆವು. ಅವಳು ಹಾಗೆಯೇ ಮಾಡಿದಳು. ಆ ವರ್ಷ ಅವರ ತೋಟದ ಬೆಳೆಯಲ್ಲಿ ಬಹುಪಾಲು ಕೊಳೆರೋಗಕ್ಕೆ ತುತ್ತಾಯಿತೆಂದು ಆಮೇಲೆ ತಿಳಿಯಿತು. ನಾವು ನೋಡಗೊಟ್ಟಿದ್ದರೆ ತೋಟ ಉಳಿಯುತ್ತಿತ್ತೆಂದು ಹೇಳುವದಿಲ್ಲ. ಆದರೆ ಒಂದು ಒಳ್ಳೇ ಪ್ರಶ್ನೆಯನ್ನು ನಾವು ಅಂಗಳಕ್ಕೆ ಎಸೆಯಿಸಿದೆವೆಂಬುದು ನಿಜ.

ಅವಳು ಕೇಳಿದ್ದಕ್ಕೆ ಉತ್ತರವು ಬಹಳ ಹಿಂದೆಯೇ ದೊರೆತಿತ್ತು. ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಎಂಬವರು 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದು, ಮಲೆನಾಡಿನ ತೋಟಗಳಲ್ಲಿ ಅಲೆದು, ಕೊಳೆತ ಅಡಿಕೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಪರೀಕ್ಷಿಸಿದರು. ಕೊಳೆಗೆ ಕಾರಣವು ಫೈಟಾಫ್ತೊರಾ ಎಂಬ ಬೂಷ್ಟಿನ ಜಾತಿಯ ಜೀವಿಯೆಂದು ಅವರ 1910ರ ವರದಿಯು ತಿಳಿಸಿತು. ಈ ಜೀವಿಯ ಬೀಜಕೋಶವು ಒಂದು ಮಿಲಿಮೀಟರಿನ ನೂರರಲ್ಲಿ ಮೂರು-ನಾಲ್ಕು ಪಾಲಿನಷ್ಟು ಮಾತ್ರ. ಮಳೆಯ ನೀರು ತಗಲಿದೊಡನೆ ಅದು ಒಡೆದು, ಒಳಗಿನಿಂದ ಬಾಲವುಳ್ಳ ಕಣಗಳು ಹೊರಟು, ಕಾಯಿಯ ಮೇಲಿನ ನೀರಿನ ಪೊರೆಯಲ್ಲಿ ಈಜಾಡುತ್ತವೆ. ನಂತರ ಮೊಳೆತು ಕಾಯಿಯೊಳಗೆ ಬೇರಿಳಿಸುತ್ತವೆ.

ಇಷ್ಟನ್ನು ಕಣ್ಣಾರೆ ಕಂಡವರಿಗೆ ಔಷಧದ ಮರ್ಮವೂ ತಾನಾಗಿ ತಿಳಿಯುವದು. ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಸೇರಿಸಿ ಮಾಡುವ ಬೋರ್ಡೋ ದ್ರಾವಣವು ಮೊಳೆಯಲಿರುವ ಕಣವನ್ನು ಕಾಯಿಯ ಹೊರಗೇ ಕೊಲ್ಲತಕ್ಕದ್ದು. ಒಳಹೊಕ್ಕ ರೋಗವನ್ನು ಅದು ಹಿಂದಕ್ಕೆ ಕರೆಯಲಾರದು. ಆದ್ದರಿಂದಲೇ ಮಳೆಗಾಲ ಹಿಡಿಯುವ ಮೊದಲೇ ಕೊನೆಗೆ ಔಷಧ ಹೊಡೆಯಬೇಕು. ನಮ್ಮ ಹಿರಿಯರು ಕೊನೆಗೆ ಕೊಟ್ಟೆ ಕಟ್ಟುತ್ತಿದ್ದುದೂ ಕಾಯಿಗೆ ನೀರು ತಾಗದಿರಲೆಂದೇ. ಅವರು ಅನುಭವದಿಂದ ಕಂಡುಕೊಂಡದ್ದರ ಕಾರಣವನ್ನು ಯಂತ್ರವು ತೋರಿಸಿಕೊಟ್ಟಿತು.

ಆದರೂ ಕೆಲವು ಪಾಲಕರು, “ಔಷಧ ಹೊಡೆಯುವವರು ಗಂಡಸರು, ಹುಡುಗಿಯರಿಗೆ ಈ ವಿದ್ಯೆ ಯಾಕೆ?” ಎಂದು ಕೇಳುವದುಂಟು. ಬಾವಿಯ ನೀರನ್ನು ಕಾಯಿಸಿ ಕೊಡುವವರು ಯಾರು? ಹೊಟ್ಟೆ ಕೆಟ್ಟ ಮಗುವಿನ ಬದಿಯಲ್ಲಿ ಎಚ್ಚರ ಕೂಡ್ರುವವರು ಯಾರು? ದರಕು ತರಲು, ಸೌದೆ ತರಲು ಬೆಟ್ಟಕ್ಕೆ ಹೋಗುವವರು ಯಾರು? ನೆರೆಯ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ 1957ರಲ್ಲಿ ಕಾಣಿಸಿಕೊಂಡ ಮಂಗನ ಕಾಯಿಲೆಯು ಸಿದ್ದಾಪುರದ ಹಳ್ಳಿಗಳನ್ನೂ ಕಾಡಿದೆ. ಅದರ ವೈರಾಣುವು ಶಾಲೆಯ ಯಂತ್ರಕ್ಕೆ ಕಾಣತಕ್ಕದ್ದಲ್ಲ, ಅಷ್ಟು ಚಿಕ್ಕದು. ಆದರೆ ಅದನ್ನು ಹೊತ್ತು ತರುವ ಉಣುಗಿನ ಮರಿಯನ್ನು ಚೆನ್ನಾಗಿ ನೋಡಬಹುದು. ಎಳ್ಳಿಗಿಂತ ಸಣ್ಣದಾದ ಅದರ ಕಾಲು, ಬಾಯಿಗಳನ್ನು ಒಮ್ಮೆ ಕಂಡ ಹುಡುಗಿಯು ಬೆಟ್ಟದಿಂದ ಬಂದ ಮೇಲೆ ಮೈ ತೊಳೆಯದೆ, ಬಟ್ಟೆ ಬದಲಿಸದೆ ಇರಲಾರಳು.

ಈ ವಿದ್ಯೆಯು ದೊಡ್ಡ ಪಂಡಿತರಿಗೇ ಮೀಸಲೆಂದು ಭಾವಿಸುವದೂ ತಪ್ಪು. 1676ರಲ್ಲಿ ನೀರಿನೊಳಗಿನ ಸೂಕ್ಷ್ಮಜೀವಿಗಳ ವಿಷಯವಾಗಿ ಲಂಡನಿನ ರಾಯಲ್ ಸೊಸಾಯಿಟಿಗೆ ಪತ್ರ ಬರೆದ ಲೀವನ್‌ಹುಕ್ ಎಂಬವನು ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಅರಿವೆಯ ವ್ಯಾಪಾರಿ. ಅವನು ಯಾವ ವಿಶ್ವವಿದ್ಯಾಲಯದಲ್ಲಿಯೂ ಕಲಿತವನಲ್ಲ. ತಾನೇ ಮಾಡಿದ ಒಂಟಿ ಮಸೂರವೇ ಅವನ ಸಾಧನ. ಇನ್ನು ಹೆಣ್ಣುಮಕ್ಕಳ ಮಾತಿಗೆ ಬಂದರೆ, 1897ರಲ್ಲಿ ತಲಶೇರಿಯಲ್ಲಿ ಹುಟ್ಟಿದ ಜಾನಕಿ ಅಮ್ಮಾಳ್ ಅವರು ಮದ್ರಾಸಿನ ವಿಮೆನ್ಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ನಮ್ಮಂತೆಯೇ ಶಿಕ್ಷಕಿಯಾಗಿದ್ದವರು. ಅಮೇರಿಕೆಗೆ ಹೋಗಿ ಕಲಿತು ಬಂದು, ಕೊಯಿಮತ್ತೂರಿನಲ್ಲಿ ಕಬ್ಬಿನ ಜೀವಕೋಶಗಳೊಳಗಿನ ವರ್ಣತಂತುಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸಿದರು. 1945ರಲ್ಲಿ ಡಾರ್ಲಿಂಗ್ಟನ್ ಅವರೊಡನೆ ಕೃಷಿ ಸಸ್ಯಗಳ ವರ್ಣತಂತುಗಳ ಮಹಾಗ್ರಂಥವನ್ನು ಪ್ರಕಟಿಸಿದರು. ಇಂಥವರ ಚಿತ್ರವು ನಮ್ಮ ಶಾಲೆಯ ಗೋಡೆಯ ಮೇಲೆ ಇರತಕ್ಕದ್ದು.

ಹಣವೆಲ್ಲಿ ಎಂಬ ಪ್ರಶ್ನೆಯೂ ಈಗ ಮೊದಲಿನಷ್ಟು ಕಠಿಣವಾಗಿ ಉಳಿದಿಲ್ಲ. ಮೇರಠದಲ್ಲಿ ಹುಟ್ಟಿ ಅಮೇರಿಕೆಯ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿರುವ ಮನು ಪ್ರಕಾಶರೂ ಅವರ ಸಂಗಡಿಗರೂ 2014ರಲ್ಲಿ ಫೋಲ್ಡ್‌ಸ್ಕೋಪ್ ಎಂಬ ಕಾಗದದ ಸೂಕ್ಷ್ಮದರ್ಶಕವನ್ನು ಲೋಕಕ್ಕೆ ಪರಿಚಯಿಸಿದರು. ಲೀವನ್‌ಹುಕ್‌ನಂತೆಯೇ ಒಂದೇ ಪುಟ್ಟ ಮಸೂರ. ಉಳಿದದ್ದೆಲ್ಲ ಮಡಿಚಿದ ಕಾಗದ. ಅದರ ಬಿಡಿಭಾಗಗಳ ವೆಚ್ಚವು ಒಂದು ಡಾಲರಿಗಿಂತ ಕಡಿಮೆಯೆಂದು ಅವರು ಆಗ ಲೆಕ್ಕ ತೋರಿಸಿದರು. ಸುಮಾರು 140 ಪಟ್ಟು ದೊಡ್ಡದಾಗಿ ತೋರಿಸುವ ಅದರಲ್ಲಿ ಹಳ್ಳದ ನೀರಿನ ಜೀವಿಗಳೂ, ಈರುಳ್ಳಿ ಸಿಪ್ಪೆಯ ಕೋಶಗಳೂ, ಅಡಿಕೆಯ ಬೂಷ್ಟೂ ಕಾಣುವವು. ಹಿತ್ತಾಳೆ-ಉಕ್ಕಿನ ಯಂತ್ರದ ಸ್ಪಷ್ಟತೆ ಅದಕ್ಕಿಲ್ಲ, ನಿಜ. ಆದರೂ ಬೀಗದೊಳಗಿನ ಒಂದು ಉತ್ತಮ ಯಂತ್ರಕ್ಕಿಂತ ಹುಡುಗಿಯರ ಕೈಯಲ್ಲಿರುವ ನಲವತ್ತು ಸಾಧಾರಣ ಯಂತ್ರಗಳೇ ಮೇಲೆಂಬುದು ನಮ್ಮ ದೃಢವಾದ ಅಭಿಪ್ರಾಯ.

ಆದ್ದರಿಂದ ಪಾಲಕರಲ್ಲಿ ನಮ್ಮ ಬಿನ್ನಹವಿಷ್ಟೇ: ಮಗಳು ತೋಟದಿಂದಲೋ ಕೆರೆಯಿಂದಲೋ ಏನನ್ನಾದರೂ ಹೆಕ್ಕಿ ತಂದರೆ ಗದರಿಸಬೇಡಿರಿ, ಶಾಲೆಗೆ ಕಳುಹಿಸಿರಿ. ಹಳೇ ವಿದ್ಯಾರ್ಥಿನಿಯರು ಪ್ರತಿಯೊಬ್ಬರೂ ಒಂದೊಂದು ಕಾಗದದ ಯಂತ್ರದ ಬೆಲೆಯನ್ನು ಕೊಟ್ಟರೆ ಒಂದು ತರಗತಿಗೆ ಸಾಕಾಗುವದು. ಸಹ-ಶಿಕ್ಷಕಿಯರು “ಪಾಠದಲ್ಲಿಲ್ಲ” ಎಂಬ ಮಾತನ್ನು ನಮ್ಮಂತೆ ಆಡದಿರಲಿ.

ಕಪಾಟಿನ ಬೀಗವನ್ನು ನಾವು ತೆಗೆದಿದ್ದೇವೆ. ಸಿದ್ದಾಪುರದ ಆ ಹುಡುಗಿಯು ಈಗ ಯಲ್ಲಾಪುರದ ಒಂದು ತೋಟದ ಮನೆಯ ಯಜಮಾನಿಯಾಗಿದ್ದಾಳೆಂದು ಕೇಳಿದ್ದೇವೆ. ಈ ಸಂಚಿಕೆಯು ಅವಳ ಕೈಗೂ ಸೇರುವದು. ಮುಂದಿನ ಮಳೆಗಾಲದಲ್ಲಿ ಅವಳು ಶಿರಸಿಗೆ ಬಂದಾಗ ಉದುರಿದ ಅಡಿಕೆಯೊಂದನ್ನು ತರಲಿ. ಇಬ್ಬರೂ ಕೂಡಿ ನೋಡೋಣ.